ಕಜಿಪಿನ ಮೀನಿಗೆ ಇಂಗ್ಲಿಷ್ ಹೆಸರು

ಫ್ಲಾವಿಯಾ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಬಿಜೈಯ ಜನ ಹೇಳುವುದುಂಟು. ಅದು ಅರ್ಧ ಸತ್ಯ. ಮೂಗಿನ ತುದಿಯಲ್ಲೇ ಇದ್ದಿದ್ದರೆ ಕರ್ಚೀಫಿನಿಂದ ಒರೆಸಿಕೊಂಡು ಮುಂದೆ ಹೋಗಬಹುದಿತ್ತು. ಅವಳ ಸಿಟ್ಟು ಎಲುಬಿನಲ್ಲಿ ಕೂತಿತ್ತು. ಹತ್ತುವ ಮೊದಲೇ ರೈಟ್ ಎನ್ನುವ ಕಂಡಕ್ಟರನ ಮೇಲೆ ಸಿಟ್ಟು, ಪ್ರವಚನವನ್ನು ಹಗ್ಗದ ಹಾಗೆ ಎಳೆಯುವ ಪಾದ್ರಿಯ ಮೇಲೆ ಸಿಟ್ಟು, "ಎಂತ ಮಾಡುವುದು, ಕಾಲವೇ ಹಾಗೆ" ಎಂದು ಎಲ್ಲದಕ್ಕೂ ತಲೆ ಆಡಿಸುವ ಗಂಡ ವಿಲ್ಲಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ವಿಲ್ಲಿ ಮಾತ್ರ ಇದನ್ನು ಹವಾಮಾನದ ಹಾಗೆ ಸಹಿಸಿಕೊಂಡಿದ್ದ.

ಈ ಸಿಟ್ಟಿನಿಂದಲೇ ಅವಳು ಇಂಗ್ಲಿಷ್ ಕಲಿತದ್ದು. ಹುಡುಗಿಯಾಗಿದ್ದಾಗ ಟೈಪಿಂಗ್ ಪಾಸು ಮಾಡಿ ಬಹರೈನಿಗೆ ಹೋಗಿ, ಸರಕು ಸಾಗಣೆಯ ಕಂಪೆನಿಯೊಂದರಲ್ಲಿ ಸೆಕ್ರೆಟರಿಯಾಗಿ ಸೇರಿದ ಹೊಸತು. ಅವಳು ಬರೆದ ಮೊದಲ ಪತ್ರವನ್ನು ಮ್ಯಾನೇಜರ್ ಎಲ್ಲರೆದುರು ಗಟ್ಟಿಯಾಗಿ ಓದಿ ನಕ್ಕಿದ್ದ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಹೂವು, ಹಕ್ಕಿ, ರಾಜಕುಮಾರಿಯರೆಲ್ಲ ಇದ್ದರು. ಇನ್‌ವಾಯ್ಸು, ಕ್ಲೇಮು, ಡ್ಯಾಮೇಜು ಇರಲಿಲ್ಲ. ಫ್ಲಾವಿಯಾ ಅಳಲಿಲ್ಲ, ಹಲ್ಲು ಕಚ್ಚಿ ಕಲಿತಳು. ಮ್ಯಾನೇಜರ್ ಫೋನಿನಲ್ಲಿ ಆಡುವ ಒಂದೊಂದು ಮಾತನ್ನೂ ಕಿವಿಗೆ ಹಾಕಿಕೊಂಡು ಬಾಯಿಪಾಠ ಮಾಡಿದಳು. ಕಡೆಗೆ ಅದೇ ಮನುಷ್ಯ ಅವಳಿಗೆ ತೋರಿಸದೆ ಒಂದು ಪತ್ರವನ್ನೂ ಕಳಿಸುತ್ತಿರಲಿಲ್ಲ.

ಊರಿಗೆ ಮರಳಿದವಳು ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಕ್ಲಾಸು ತೆರೆದಳು. ಕೆಳಗೆ ಚಪ್ಪಲಿ ಅಂಗಡಿ, ಪಕ್ಕದಲ್ಲಿ ಲಾಡ್ಜು, ಕಿಟಕಿ ತೆರೆದರೆ ಬಸ್ಸಿನವರ ಬೊಬ್ಬೆ. ಬೋರ್ಡಿನಲ್ಲಿ 'ಆಫೀಸಿನ ಇಂಗ್ಲಿಷ್' ಎಂದಷ್ಟೇ ಬರೆಸಿದ್ದಳು. ಷೋಕಿಯ ಇಂಗ್ಲಿಷ್ ಬೇಕಾದವರು ಬೇರೆ ಕಡೆ ಹೋಗಲಿ ಎನ್ನುವುದು ಅವಳ ಖಡಾಖಂಡಿತ ಮಾತು. ಬಂದವರನ್ನು ಬಾಯಿಗೆ ಬಂದಂತೆ ಬೈದು ಕಲಿಸುತ್ತಿದ್ದಳು. "ಶಬ್ದ ಗೊತ್ತಿಲ್ಲದವನನ್ನು ಆಫೀಸಿನಲ್ಲಿ ಎಲ್ಲರೂ ತುಳಿಯುತ್ತಾರೆ. ಬಾಯಲ್ಲಿ ಶಬ್ದ ಇದ್ದರೆ ಯಾರೂ ಮುಟ್ಟುವುದಿಲ್ಲ, ಬರೆದಿಟ್ಟುಕೊಳ್ಳಿ" ಎನ್ನುತ್ತಿದ್ದಳು. ಅದನ್ನು ಅವಳು ನಿಜಕ್ಕೂ ನಂಬಿದ್ದಳು.

ಹೋದ ವರ್ಷ ಪಣಂಬೂರಿನ ಆಚೆಯ ಸಿಗಡಿ ಕಾರ್ಖಾನೆಯೊಂದರ ಸೂಪರ್‌ವೈಸರುಗಳು ಕ್ಲಾಸಿಗೆ ಬಂದರು. ಅಲ್ಲಿ ಹೆಂಗಸರು ಸಾಲಾಗಿ ಕೂತು ಸಿಗಡಿ ಸುಲಿಯುತ್ತಾರೆ. ಸುಲಿದದ್ದು ಐಸಿನಲ್ಲಿ ಗಟ್ಟಿಯಾಗಿ ಪೆಟ್ಟಿಗೆ ಸೇರಿ ಹಡಗು ಹತ್ತುತ್ತದೆ. ಹಳೆಯ ಧಣಿ ತೀರಿಕೊಂಡ ಮೇಲೆ ಮಕ್ಕಳು ಕಾರ್ಖಾನೆಯನ್ನು ಮುಂಬಯಿಯ ಕಂಪೆನಿಯೊಂದಕ್ಕೆ ಮಾರಿದ್ದರು. ಹೊಸಬರು ಬಂದವರೇ ಒಂದು ಕಟ್ಟಪ್ಪಣೆ ಹೊರಡಿಸಿದರು: ಇನ್ನು ಮುಂದೆ ಸೂಪರ್‌ವೈಸರುಗಳು ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕು, ಆಗದವರು ಪೆಟ್ಟಿಗೆ ಹೊರಲಿಕ್ಕೆ ಹೋಗಬೇಕು. ಇದನ್ನು ಕೇಳಿಯೇ ಫ್ಲಾವಿಯಾಳಿಗೆ ಮೈ ಉರಿದುಹೋಗಿತ್ತು. ಸಿಗಡಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದವಳು, ಹಾಗಾದರೆ ಇವರನ್ನು ಆ ಮುಂಬಯಿಯವರ ಬಾಯಿ ಮುಚ್ಚಿಸುವ ಹಾಗೆ ತಯಾರು ಮಾಡುತ್ತೇನೆ ಎಂದು ಪಣ ತೊಟ್ಟಳು.

ಅವರಲ್ಲಿ ಒಬ್ಬ ಧನರಾಜ್. ಬೆಂಗ್ರೆ ಕಡೆಯವನು, ಮೀನುಗಾರರ ಮನೆಯವನು. ಸ್ನಾನ ಮಾಡಿ ಪೌಡರು ಬಳಿದುಕೊಂಡು ಬಂದರೂ ಮೈಯಿಂದ ಸಿಗಡಿಯ ವಾಸನೆ ಹೋಗುವುದಿಲ್ಲವೆಂದು ಕಿಟಕಿಯ ಪಕ್ಕ ಮುದುಡಿ ಕೂರುತ್ತಿದ್ದ.

"ನಡುವಿಗೆ ಬಂದು ಕೂತ್ಕೊ ಮಾರಾಯ" ಎಂದು ಫ್ಲಾವಿಯಾ ಮೊದಲ ದಿನವೇ ಗದರಿದ್ದಳು. "ಮೀನು ತಿನ್ನದವರು ಯಾರಿದ್ದಾರೆ ಇಲ್ಲಿ, ವಾಸನೆಗೆ ನಾಚಿಕೊಳ್ಳಲಿಕ್ಕೆ?"

ಧನರಾಜ್ ಚುರುಕಿನವನಲ್ಲ, ಆದರೆ ಹಟವಾದಿ. ಹೇಳಿಕೊಟ್ಟದ್ದನ್ನು ಬಸ್ಸಿನಲ್ಲಿ ತುಟಿ ಅಲುಗಿಸುತ್ತ ಹೇಳಿಕೊಂಡು ಹೋಗುವವನು. ಅವನಲ್ಲಿ ಫ್ಲಾವಿಯಾಳಿಗೆ ತನ್ನ ಬಹರೈನಿನ ಮೊದಲ ದಿನಗಳು ಕಂಡವು, ಹಾಗಾಗಿ ಅವನನ್ನು ಉಳಿದವರಿಗಿಂತ ಹೆಚ್ಚೇ ಬೈದಳು. ಒಂದು ಶನಿವಾರ, ಕಾರ್ಖಾನೆಯ ಗೇಟು ತೆರೆಯುವಲ್ಲಿಂದ ಮುಚ್ಚುವವರೆಗೆ ಏನೇನು ನಡೆಯುತ್ತದೆ ಎಂದು ಒಬ್ಬೊಬ್ಬರೂ ಹೇಳಬೇಕು, ಇಂಗ್ಲಿಷ್ ಶಬ್ದ ಸಿಗದ ಕಡೆ ತನ್ನನ್ನು ಕೇಳಬೇಕು ಎಂದಳು. ಧನರಾಜ್ ತಡವರಿಸುತ್ತ ಹೇಳುತ್ತ, ಸಂಜೆ ಗೇಟು ಮುಚ್ಚುವ ಹೊತ್ತಿನವರೆಗೆ ಬಂದು ನಿಂತ.

"ಟೀಚರ್, ಹೆಂಗಸರು ಮನೆಗೆ ಹೋಗುವಾಗ ಸ್ವಲ್ಪ ಮೀನು ಅವರೊಟ್ಟಿಗೆ ಹೋಗ್ತದೆ. ಅದಕ್ಕೆ ಬಿಲ್ಲು ಗಿಲ್ಲು ಎಂತದೂ ಇಲ್ಲ. ಒಳಗೆ ಬಂದ ತೂಕ, ಹೊರಗೆ ಹೋದ ತೂಕ ಸರಿ ಬರುವುದಿಲ್ಲ. ಅದು ಯಾಕೆ ಅಂತ ಮೀಟಿಂಗಲ್ಲಿ ಕೇಳ್ತಾರೆ. ಎಂತ ಹೇಳುವುದು?"

ಫ್ಲಾವಿಯಾಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬಹರೈನಿನ ಗೋದಾಮಿನ ಪತ್ರಗಳಲ್ಲಿ ಆ ಶಬ್ದವನ್ನು ಅವಳು ಅದೆಷ್ಟು ಸಲ ಟೈಪು ಮಾಡಿದ್ದಳೋ.

"ಪಿಲ್ಫರೇಜ್" ಎಂದಳು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. "ಮಾಲು ಸ್ವಲ್ಪ ಸ್ವಲ್ಪವೇ ಕಾಣೆಯಾಗುವುದು. ಎಲ್ಲರೂ ಹೇಳಿ."

ಎಲ್ಲರೂ ಹೇಳಿದರು. ಧನರಾಜನಿಂದ ಇನ್ನೊಮ್ಮೆ ಹೇಳಿಸಿದಳು. ಸ್ವಲ್ಪ ಸ್ವಲ್ಪವೇ ಕದಿಯುವುದು ಎಂದು ಅವಳು ಹೇಳಲಿಲ್ಲ. ಆಫೀಸಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಆ ಶಬ್ದ ಹುಟ್ಟಿರುವುದೇ ಹಾಗೆ ಹೇಳುವುದನ್ನು ತಪ್ಪಿಸಲಿಕ್ಕೆ. ಯಾವ ಮೀನು, ಯಾರು ಕೊಟ್ಟದ್ದು, ಯಾವ ಕಾಲದಿಂದ ಕೊಡುತ್ತಿದ್ದಾರೆ ಎಂದು ಒಂದು ಮಾತು ಕೇಳಬಹುದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ಅಷ್ಟು ಕೇಳಲಿಲ್ಲ.

ಮುಂದಿನ ಶನಿವಾರ ಧನರಾಜ್ ಮೈಸೂರುಪಾಕಿನ ಪೆಟ್ಟಿಗೆ ಹಿಡಿದು ಬಂದ. ಮೀಟಿಂಗಿನಲ್ಲಿ ತೂಕದ ಪ್ರಶ್ನೆ ಬಂದಾಗ ಎದ್ದು ನಿಂತು ಆ ಶಬ್ದ ಹೇಳಿದನಂತೆ. ಮುಂಬಯಿಯಿಂದ ಬಂದವರು ಚಪ್ಪಾಳೆ ತಟ್ಟಿದರಂತೆ. ಮ್ಯಾನೇಜರ್ ಕ್ಯಾಲ್ವಿನ್ ಸ್ವತಃ ಬಂದು ಕೈ ಕುಲುಕಿದನಂತೆ. ಫ್ಲಾವಿಯಾ ಎರಡು ತುಂಡು ಮೈಸೂರುಪಾಕು ತಿಂದಳು. ವಿಲ್ಲಿಗೂ ಒಂದು ತುಂಡು ಕಟ್ಟಿಕೊಂಡು ಹೋದಳು.

ಅದಾದ ಮೇಲೆ ಒಂದು ಶನಿವಾರ ಕ್ಲಾಸು ನಡೆಯುತ್ತಿದ್ದಾಗ ಮೆಟ್ಟಿಲಿನಲ್ಲಿ ಧಡಧಡ ಸದ್ದಾಯಿತು. ಸೆರಗನ್ನು ಸೊಂಟಕ್ಕೆ ಬಿಗಿದ, ತಲೆ ನರೆತ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು.

"ಇಂಗ್ಲಿಷ್ ಕಲಿಸುವ ಬಾಯಮ್ಮ ನೀವೆಯಾ?"

"ಕ್ಲಾಸ್ ನಡೀತಾ ಉಂಟು" ಎಂದಳು ಫ್ಲಾವಿಯಾ. "ಆಮೇಲೆ ಬನ್ನಿ."

"ಆಮೇಲೆ ಎಂತ ಆಮೇಲೆ? ನನ್ನ ಕೆಲಸವೇ ನಿಂತು ಆಯ್ತು, ನಿಮ್ಮ ಕ್ಲಾಸ್ ಸ್ವಲ್ಪ ನಿಲ್ಲಲಿ."

ಫ್ಲಾವಿಯಾಳ ಬಾಯಲ್ಲಿ ಬೈಗುಳ ತಯಾರಾಗಿಯೇ ಇತ್ತು. ಆದರೆ ಕಿಟಕಿಯ ಪಕ್ಕದಲ್ಲಿ ಧನರಾಜ್ ಎದ್ದು ನಿಂತಿದ್ದ, ಅವನ ಮುಖ ಬಿಳುಚಿಕೊಂಡಿತ್ತು.

"ದೊಡ್ಡಮ್ಮ, ಇಲ್ಲಿ ಬೇಡ" ಎಂದ.

"ಮತ್ತೆ ಎಲ್ಲಿ? ನಿನ್ನ ಮೀಟಿಂಗಿಗೆ ನನ್ನನ್ನು ಬಿಡ್ತಾರಾ?" ಹೆಂಗಸು ಫ್ಲಾವಿಯಾಳ ಕಡೆ ತಿರುಗಿದಳು. "ನಾನು ಅಕ್ಕು. ಇವ ನನ್ನ ತಂಗಿಯ ಮಗ. ತಂಗಿ ಸತ್ತ ಮೇಲೆ ಇವನಿಗೆ ಅನ್ನ ಹಾಕಿದ್ದು ನಾನು. ಆ ಫ್ಯಾಕ್ಟರಿಗೆ ಕೈ ಹಿಡಿದು ಕರ್ಕೊಂಡು ಹೋಗಿ ಸೇರಿಸಿದ್ದೂ ನಾನು. ಅದೇ ಕಜಿಪಿನ ಮೀನು ತಿಂದು ಬೆಳೆದವ ಇವ. ಈಗ ಇವ ಮೀಟಿಂಗಲ್ಲಿ ಅದಕ್ಕೆ ಎಂತದೋ ಇಂಗ್ಲಿಷ್ ಹೆಸರು ಹೇಳಿದ್ದಂತೆ. ನೀವು ಕಲಿಸಿದ್ದಂತೆ."

ಬಿರುಗಾಳಿಯ ಹಾಗೆ ಬಂದ ಮಾತಿನಲ್ಲಿ ಫ್ಲಾವಿಯಾಳಿಗೆ ವಿಷಯ ತಿಳಿಯಿತು. ಕಜಿಪು ಎಂದರೆ ತುಳುವಿನಲ್ಲಿ ಸಾರು, ಪದಾರ್ಥ. ಕಡಲಿಗೆ ಹೋದ ಬೋಟು ದಕ್ಕೆಗೆ ಬಂದಾಗ ಅದರಲ್ಲಿ ದುಡಿದವರಿಗೆ ಪಾಲಿನ ಜೊತೆಗೆ ಮನೆಯ ಸಾರಿಗೆಂದು ಒಂದಿಷ್ಟು ಮೀನು ಕೊಡುವುದು ರೂಢಿ. ಅದೇ ರೂಢಿಯನ್ನು ಹಳೆಯ ಧಣಿ ಕಾರ್ಖಾನೆಗೂ ತಂದಿದ್ದರು. ಸಿಗಡಿಯ ಜೊತೆ ಬಲೆಗೆ ಬಿದ್ದ ಚಿಲ್ಲರೆ ಮೀನು, ಸುಲಿಯುವಾಗ ತುಂಡಾದ ಸಿಗಡಿ, ಹಡಗು ಹತ್ತಲು ಯೋಗ್ಯವಲ್ಲದ್ದು, ಅದನ್ನು ಹೆಂಗಸರು ಹೋಗುವಾಗ ಹಂಚಿಕೊಳ್ಳಬೇಕು.

"ಧಣಿ ಎದುರು ನಿಂತು ಹಾಕಿಸಿ ಕೊಡ್ತಿದ್ರು" ಎಂದಳು ಅಕ್ಕು. "ಇಡೀ ದಿನ ಮೀನು ಮುಟ್ಟಿದ ಹೆಂಗಸು ಖಾಲಿ ಕೈಯಲ್ಲಿ ಮನೆಗೆ ಹೋದ್ರೆ ನನಗೆ ನಾಚಿಕೆ ಅಂತ ಹೇಳ್ತಿದ್ರು. ಮೊನ್ನೆ ಗೇಟಲ್ಲಿ ನನ್ನ ಬ್ಯಾಗು ಅಡಿಮೇಲು ಮಾಡಿದ್ರು. ಬುತ್ತಿಯ ಪಾತ್ರೆ ಸಹ ಬಿಚ್ಚಿಸಿದ್ರು. ಆ ತುಂಡು ಸಿಗಡಿ ನನ್ನ ಕೈಯಲ್ಲಿ ಹಿಡಿಸಿ ಮೊಬೈಲಲ್ಲಿ ಫೋಟೋ ತೆಗೆದ್ರು ಬಾಯಮ್ಮ. ನಾಳೆಯಿಂದ ಬರ್ಬೇಡ ಅಂದ್ರು. ಯಾಕೆ ಅಂತ ಕೇಳಿದ್ರೆ ಇಂಗ್ಲಿಷಲ್ಲಿ ಹೇಳ್ತಾರೆ."

ಫ್ಲಾವಿಯಾ ಧನರಾಜನ ಮೇಲೆ ಎಗರಿಬಿದ್ದಳು. "ನಿನ್ನ ಮಂಡೆಯಲ್ಲಿ ಎಂತ ಉಂಟು ಮಾರಾಯ? ಧಣಿಗಳು ಕೊಟ್ಟದ್ದು ಅಂತ ನನಗೆ ಹೇಳ್ಲಿಕ್ಕೆ ಏನು ದಾಡಿ ಆಗಿತ್ತು?"

"ನೀವು ಕೇಳ್ಲಿಲ್ಲ ಟೀಚರ್" ಎಂದ ಧನರಾಜ್. ಎದುರು ಮಾತಾಡುವ ಧಾಟಿಯಲ್ಲಿ ಅಲ್ಲ, ಇದ್ದದ್ದನ್ನು ಹೇಳುವ ಹಾಗೆ ಹೇಳಿದ. "ಕಾಣೆಯಾಗುವುದು ಅಂತ ಹೇಳಿದ್ರಿ. ಕದಿಯುವುದು ಅಂತ ಹೇಳಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ."

ಕ್ಲಾಸು ಬಿಟ್ಟಿತು. ಫ್ಲಾವಿಯಾ ಮನೆಗೆ ನಡೆದೇ ಹೋದಳು, ಆ ದಿನ ಬಸ್ಸಿನವರೊಡನೆ ಜಗಳವಾಡಲೂ ಅವಳಿಗೆ ಮನಸ್ಸಿರಲಿಲ್ಲ. ಸಿಟ್ಟು ಯಾರ ಮೇಲೆ ಹಾಕಿದರೂ ತಿರುಗಿ ತನ್ನ ಮೇಲೆಯೇ ಬರುತ್ತಿತ್ತು. ಅವಳ ತಾಯಿ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದವಳು. ಸಂಜೆ ಗೇಟಿನಲ್ಲಿ ಹೆಂಗಸರನ್ನು ಸಾಲು ನಿಲ್ಲಿಸಿ, ಸೆರಗು ಜಾಡಿಸಿ, ರವಿಕೆಯೊಳಗೆ ಕೈ ಹಾಕಿ ನೋಡಿ ಹೊರಗೆ ಬಿಡುತ್ತಿದ್ದರು. ಶಾಲೆ ಬಿಟ್ಟು ಅಮ್ಮನನ್ನು ಕರೆಯಲು ಬಂದ ಫ್ಲಾವಿಯಾ ಆಚೆ ನಿಂತು ಅದನ್ನು ನೋಡುತ್ತಿದ್ದಳು. ನೋಡಬೇಡ ಎಂದು ಅಮ್ಮ ಕಣ್ಣಲ್ಲೇ ಹೇಳುತ್ತಿದ್ದಳು. ಬೀಜದ ಎಣ್ಣೆಗೆ ಕೈ ಸುಟ್ಟುಕೊಂಡು ದುಡಿದು ಮಗಳಿಗೆ ಟೈಪಿಂಗ್ ಕಲಿಸಿದ್ದು ಅಂಥ ಗೇಟಿನಿಂದ ಅವಳು ದೂರ ಹೋಗಲಿ ಎಂದು. ಮಗಳು ದೂರ ಹೋದಳು, ಕಡಲಾಚೆಗೇ ಹೋದಳು. ಹೋಗಿ ಕಲಿತು ಬಂದದ್ದು ಗೇಟಿನಲ್ಲಿ ಕೈ ಹಾಕುವವರ ಭಾಷೆ. ಇದನ್ನು ಯೋಚಿಸುತ್ತಲೇ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ವಿಲ್ಲಿಗೆ ಹೇಳಿದಾಗ ಅವನು ಎಂದಿನಂತೆ ತಲೆ ಆಡಿಸಿದ. "ದೊಡ್ಡ ಕಂಪೆನಿಯವರು. ನಾವು ಹೇಳಿದ್ರೆ ಕೇಳ್ತಾರಾ? ಎಂತ ಮಾಡುವುದು..."

"ಇನ್ನೊಂದು ಸಲ 'ಎಂತ ಮಾಡುವುದು' ಅಂದರೆ ಈ ಮನೆಯಲ್ಲಿ ನಿಮಗೆ ಊಟ ಇಲ್ಲ" ಎಂದಳು ಫ್ಲಾವಿಯಾ.

ಸೋಮವಾರ ಬೆಳಿಗ್ಗೆ ಅಕ್ಕುವನ್ನು ಕರೆದುಕೊಂಡು ಅವಳು ಕಾರ್ಖಾನೆಗೆ ಹೋದಳು. ಮ್ಯಾನೇಜರ್ ಕ್ಯಾಲ್ವಿನ್ ಬಿಜೈಯ ಹುಡುಗನೇ. ಅವಳ ಚರ್ಚಿನವನು, ಚಿಕ್ಕವನಿದ್ದಾಗ ಅವಳಿಂದ ಕಿವಿ ಹಿಂಡಿಸಿಕೊಂಡವನು. ಚರ್ಚಿನಲ್ಲಿ ಆಂಟಿ ಎನ್ನುವವನು ಇಲ್ಲಿ ಮ್ಯಾಮ್ ಎಂದ. ಅವನ ಕೋಣೆಗೂ ಸಿಗಡಿ ಸುಲಿಯುವ ಶೆಡ್ಡಿಗೂ ನಡುವೆ ಒಂದು ಬಾಗಿಲು, ಅದು ಗಾಳಿಗೆಂದು ತೆರೆದೇ ಇತ್ತು.

ಫ್ಲಾವಿಯಾ ತನ್ನಲ್ಲಿದ್ದ ಒಳ್ಳೆಯ ಇಂಗ್ಲಿಷನ್ನೆಲ್ಲ ಹೊರತೆಗೆದಳು. ಇದು ಹಿಂದಿನಿಂದ ನಡೆದುಬಂದ ಪದ್ಧತಿ ಎಂದಳು. ಬರಹದಲ್ಲಿ ಇದೆಯೇ ಎಂದು ಅವನು ಕೇಳಿದ. ಹಳೆಯ ಧಣಿಯ ಒಪ್ಪಿಗೆ ಇತ್ತು ಎಂದಳು. ಈಗಿನ ಪಾಲಿಸಿಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದ. ಈ ಹೆಂಗಸಿಗೆ ಅವಮಾನ ಮಾಡಿದ್ದೀರಿ ಎಂದಳು. ಇದು ಪರ್ಸನಲ್ ಅಲ್ಲ ಮ್ಯಾಮ್, ಪ್ರಾಸೆಸ್ ಎಂದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಒಂದೊಂದಕ್ಕೂ ಉತ್ತರ ಕೊಟ್ಟ. ಇವೆಲ್ಲ ಅವಳೇ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ಮಾತುಗಳು. ಪಕ್ಕದಲ್ಲಿ ಅಕ್ಕು ಇವಳ ಬಾಯಿಯನ್ನೊಮ್ಮೆ ಅವನ ಬಾಯಿಯನ್ನೊಮ್ಮೆ ನೋಡುತ್ತ ಕೂತಿದ್ದಳು. ತಾವಿಬ್ಬರೂ ಈ ಹೆಂಗಸನ್ನು ಮೇಜಿನ ಮೇಲಿಟ್ಟ ಪೆಟ್ಟಿಗೆಯ ಹಾಗೆ ಅತ್ತಿತ್ತ ತಳ್ಳುತ್ತಿದ್ದೇವೆ ಎಂದು ಫ್ಲಾವಿಯಾಳಿಗೆ ಹೊಳೆದದ್ದೇ, ಅವಳು ಇಂಗ್ಲಿಷ್ ನಿಲ್ಲಿಸಿಬಿಟ್ಟಳು.

"ಕ್ಯಾಲ್ವಿನ್, ಇವರನ್ನು ಯಾಕೆ ತೆಗೆದದ್ದು ಅಂತ ಇವರಿಗೆ ಹೇಳು" ಎಂದಳು. "ನನಗಲ್ಲ, ಇವರಿಗೆ. ತುಳುವಿನಲ್ಲಿ."

ಅವನು ನಕ್ಕ. "ನೀವೇ ಟ್ರಾನ್ಸ್‌ಲೇಟ್ ಮಾಡಿ ಮ್ಯಾಮ್."

"ನಾನು ಮಾಡುವುದಿಲ್ಲ. ಮಾಡಿದ್ದು ಸಾಕು."

ಕ್ಯಾಲ್ವಿನ್ ಧನರಾಜನನ್ನು ಕರೆಸಿದ. ತಲೆಗೆ ಪ್ಲಾಸ್ಟಿಕ್ ಟೊಪ್ಪಿ, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡೇ ಬಂದ ಧನರಾಜ್ ಬಾಗಿಲಲ್ಲಿ ನಿಂತ.

"ಇವರಿಗೆ ರೀಸನ್ ಹೇಳು ಧನರಾಜ್. ಮೀಟಿಂಗಿನಲ್ಲಿ ಹೇಳಿದ್ದೀಯಲ್ಲ, ಅದನ್ನೇ ತುಳುವಿನಲ್ಲಿ ಹೇಳು."

ಧನರಾಜ್ ದೊಡ್ಡಮ್ಮನ ಕಡೆ ನೋಡಿದ.

"ನನಗೆ ಆಗುವುದಿಲ್ಲ ಸರ್."

"ಅಲ್ಲಿ ಹೇಳ್ಲಿಕ್ಕೆ ಆಯ್ತು, ಇಲ್ಲಿ ಎಂತ ಪ್ರಾಬ್ಲಮ್?"

"ಅದು ಇಂಗ್ಲಿಷ್ ಸರ್" ಎಂದ ಧನರಾಜ್. "ಇಂಗ್ಲಿಷಲ್ಲಿ ದೊಡ್ಡಮ್ಮ ಇರ್ಲಿಲ್ಲ."

ಅವನು ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. "ನಾನು ಹೇಳಿದ್ದು ತಪ್ಪು ಸರ್. ನನ್ನನ್ನು ಬೇಕಾದ್ರೆ ಪೆಟ್ಟಿಗೆ ಹೊರ್ಲಿಕ್ಕೆ ಹಾಕಿ. ಆ ಮೀನು ಕಜಿಪಿಗೆ ಕೊಟ್ಟದ್ದು."

ಕ್ಯಾಲ್ವಿನನ ನಯ ಅಲ್ಲಿಗೆ ಮುಗಿಯಿತು. ಬೆಳಗ್ಗಿನಿಂದ ತನ್ನ ಕೋಣೆಯಲ್ಲಿ ಕೂತು ತಲೆ ತಿನ್ನುವ ಈ ಜನ, ಈಗ ತಿರುಗಿ ಬಿದ್ದ ಈ ಸೂಪರ್‌ವೈಸರ್, ಎಲ್ಲ ಸೇರಿ ಅವನಿಗೆ ಮಂಡೆಬೆಚ್ಚವಾಯಿತು. ಎದ್ದು ನಿಂತು, ಮೇಜಿಗೆ ಕೈ ಅಪ್ಪಳಿಸಿ, ಹುಟ್ಟಿದ ಊರಿನ ಅಪ್ಪಟ ತುಳುವಿನಲ್ಲಿ ಕಿರುಚಿದ.

"ಕದ್ದದ್ದಕ್ಕೆ ತೆಗೆದದ್ದು! ಕಳ್ಳಿ ಅಂತ ತೆಗೆದದ್ದು! ಗೊತ್ತಾಯ್ತಾ ಈಗ?"

ಅಕ್ಕುವಿಗೆ ಗೊತ್ತಾಯಿತು. ತೆರೆದ ಬಾಗಿಲಿನಾಚೆ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದ ಹೆಂಗಸರಿಗೂ ಗೊತ್ತಾಯಿತು. ಅಲ್ಲಿ ಕೈಗಳು ನಿಂತವು. ಇಷ್ಟು ದಿನ ಗೇಟಿನಲ್ಲಿ ಬ್ಯಾಗು ಬಿಚ್ಚಿಸಿದಾಗ ಸೆಕ್ಯುರಿಟಿಯವರು ಹೇಳುತ್ತಿದ್ದ ಶಬ್ದ ಅವರಿಗೆ ಅರ್ಥವಾಗಿರಲಿಲ್ಲ. ಏನೋ ಹೊಸ ಕಾನೂನು ಇರಬೇಕೆಂದು ತಲೆ ತಗ್ಗಿಸಿ ಹೋಗುತ್ತಿದ್ದರು. ಈಗ ಮುಂದಿನ ಸಾಲಿನ ಒಬ್ಬಳು ಎದ್ದು ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಯಾರೂ ಬೊಬ್ಬೆ ಹೊಡೆಯಲಿಲ್ಲ. ಕೈ ತೊಳೆದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

"ಆ ಮೀನು ನಾವೂ ತಕೊಂಡು ಹೋಗ್ತಿದ್ದೆವು ಸರ್" ಎಂದಳು ಮೊದಲು ಎದ್ದವಳು. "ಹಾಗಾದ್ರೆ ನಾವೆಲ್ಲ ಹೊರಗೆ ಹೋಗುವುದು ಒಳ್ಳೆಯದು ಅಲ್ವಾ?"

ಅವರು ಗೇಟಿನ ಹೊರಗಿನ ಮರದಡಿ ಹೋಗಿ ಕೂತರು. ಅಕ್ಕುವೂ ಹೋಗಿ ಒಂದು ಖಾಲಿ ಕ್ರೇಟನ್ನು ಬೋರಲು ಹಾಕಿ ಕೂತಳು. ಒಳಗೆ ಮೇಜುಗಳ ಮೇಲೆ ಅರ್ಧ ಸುಲಿದ ಸಿಗಡಿ ರಾಶಿ ಬಿದ್ದಿತ್ತು, ಅದರಡಿಯ ಐಸು ಕರಗಿ ನೆಲಕ್ಕೆ ಇಳಿಯುತ್ತಿತ್ತು. ಸಂಜೆ ಬಂದರಿಗೆ ಹೋಗಬೇಕಾದ ಕಂಟೇನರು ಬಾಯಿ ತೆರೆದು ಅಂಗಳದಲ್ಲಿ ನಿಂತಿತ್ತು. ಧನರಾಜ್ ಬೂಟು ಕಳಚಿಟ್ಟು ಬರಿಗಾಲಲ್ಲಿ ಬಂದು ದೊಡ್ಡಮ್ಮನ ಹತ್ತಿರ ನಿಂತ. ಅವಳು ಅವನ ಕಡೆ ನೋಡಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಕ್ಯಾಲ್ವಿನ್ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಫೋನಿನಲ್ಲಿ ಇಂಗ್ಲಿಷ್ ಮಾತಾಡತೊಡಗಿದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

"ಎಂತ ಹೇಳ್ತಾನೆ ಅವ?" ಎಂದು ಅಕ್ಕು ಕೇಳಿದಳು.

ಫ್ಲಾವಿಯಾ ಕಿವಿಗೊಟ್ಟು ಕೇಳಿದಳು. "ಯಾರೂ ಕದ್ದಿಲ್ಲ, ಅದು ಮೊದಲಿನಿಂದ ಇದ್ದ ಪದ್ಧತಿ, ನಮ್ಮಿಂದಲೇ ತಪ್ಪಾದದ್ದು ಅಂತ ಹೇಳ್ತಿದ್ದಾನೆ."

"ಯಾರಿಗೆ?"

"ಮುಂಬಯಿಯವರಿಗೆ."

"ಅವ ಕಳ್ಳಿ ಅಂದದ್ದು ಮುಂಬಯಿಯವರಿಗಾ?" ಎಂದಳು ಅಕ್ಕು.

ಸ್ವಲ್ಪ ಹೊತ್ತಿನಲ್ಲಿ ಕ್ಯಾಲ್ವಿನ್ ಫೋನನ್ನು ಕಿಸೆಗೆ ಹಾಕಿ ಮರದ ಕಡೆ ಬಂದ. ಅಕ್ಕುವಿನ ಮುಂದೆ ನಿಂತರೂ ಅವನ ಕಣ್ಣು ಫ್ಲಾವಿಯಾಳ ಮೇಲೆಯೇ ಇತ್ತು.

"ಆಂಟಿ, ಪ್ಲೀಸ್" ಎಂದ. "ಕೆಲಸಕ್ಕೆ ಬರಬಹುದು ಅಂತ ಇವರಿಗೆ ಹೇಳಿ."

ಫ್ಲಾವಿಯಾ ಬಾಯಿ ಬಿಗಿಹಿಡಿದು ಕಂಟೇನರಿನ ಕಡೆ ನೋಡಿದಳು. ಕ್ಯಾಲ್ವಿನ್ ಧನರಾಜನ ಕಡೆ ತಿರುಗಿದ. ಧನರಾಜ್ ತಲೆ ತಗ್ಗಿಸಿದ. ಬೇರೆ ದಾರಿ ಕಾಣದೆ ಮ್ಯಾನೇಜರ್ ಬಗ್ಗಿ, ಕ್ರೇಟಿನ ಮೇಲೆ ಕೂತಿದ್ದ ಹೆಂಗಸಿನ ಕಿವಿಯ ಹತ್ತಿರ ಬಂದು, ನೀವು ಕದ್ದದ್ದಲ್ಲ, ನನ್ನದು ತಪ್ಪಾಯಿತು ಎಂದು ತುಳುವಿನಲ್ಲಿ ಮೆಲ್ಲಗೆ ಹೇಳಿದ.

ಅಕ್ಕು ಕೂತಲ್ಲಿಂದ ಏಳಲಿಲ್ಲ.

"ಜೋರು ಹೇಳಿ ಸರ್" ಎಂದಳು. "ಕಳ್ಳಿ ಅಂದದ್ದು ಎಲ್ಲರಿಗೂ ಕೇಳಿದೆ. ಇದು ಕೇಳ್ಲಿಲ್ಲ."